ಕುರ್ಚಿಯ ಬೆನ್ನಿನ ಬರಹ



ಹಳೆಯ ಕುರ್ಚಿಯೊಂದು ಅಸಲಿಯೋ ನಕಲಿಯೋ ಎಂದು ತಿಳಿಯುವ ಬಗೆಯನ್ನು ಚರ್ಚಿಸುವ ಈ ಸಂಕಿರಣಕ್ಕೆ ಅಡರಕಟ್ಟಿಯೇ ಯಾಕೆ ಎಂದು ಕೆಲವರು ಕೇಳಿದ್ದಾರೆ. ಪಕ್ಕದ ಲಕ್ಷ್ಮೇಶ್ವರವೇ ಅದಕ್ಕೆ ಉತ್ತರ. ಕವಿರಾಜಮಾರ್ಗ ಪುಲಿಗೆರೆ ಎಂದು ಹೆಸರಿಸುವ ಆ ಊರಿನ ಕಲ್ಲೊಂದರಲ್ಲಿ, ಬಾದಾಮಿ ಚಾಲುಕ್ಯ ಅರಸರು ಜೈನರಿಗೆ ಕೊಟ್ಟ ದಾನಗಳ ವಿವರವಿದೆ. ಒಕ್ಕಣೆ ನಂಬಿದರೆ ಅವು ಏಳು, ಎಂಟನೆಯ ಶತಮಾನದವು. 19ನೆಯ ಶತಮಾನದಲ್ಲಿ ಅದನ್ನು ಓದಿದ ಶಾಸನತಜ್ಞ ಜೆ.ಎಫ್. ಫ್ಲೀಟ್ ಅವರಿಗೆ ಅಕ್ಷರದ ರೂಪ ಶತಮಾನಗಳಷ್ಟು ಈಚಿನದೆಂದು ಕಂಡಿತು. ಹಳೆಯ ದಾನಪತ್ರವನ್ನೇ ಪ್ರತಿ ಮಾಡಿದರೋ, ಹಕ್ಕು ಸಾಧಿಸಲು ಹೊಸದಾಗಿ ಹುಟ್ಟಿಸಿದರೋ ಎಂಬ ಚರ್ಚೆ ಅಲ್ಲಿಂದ ಹುಟ್ಟಿತು. ಬರಹ ಹೇಳುವ ಕಾಲ ಬೇರೆ, ಕೊರೆದ ಕೈಯ ಕಾಲ ಬೇರೆ. ಇವೆರಡನ್ನೂ ಬಿಡಿಸಿ ನೋಡುವ ಶಿಸ್ತು ಶಾಸನ ಓದುವವರಿಗೆ ರೂಢಿಯಾಗಿದೆ. ಪೀಠೋಪಕರಣ ನೋಡುವವರಿಗೆ ಅದಿನ್ನೂ ಬಂದಿಲ್ಲ ಎಂಬುದು ನನ್ನ ಕಳವಳ.

ನಮ್ಮ ದೇಶದಲ್ಲಿ ಈ ಪ್ರಶ್ನೆ ತೀವ್ರವಾಗಿ ಎದ್ದಿರುವುದು ಚಂಡೀಗಢದ ಕುರ್ಚಿಯ ವಿಷಯದಲ್ಲಿ. 1951ರಲ್ಲಿ ವಾಸ್ತುಶಿಲ್ಪಿ ಲ ಕಾರ್ಬೂಸಿಯೇ ಜೊತೆ ಆ ಹೊಸ ರಾಜಧಾನಿಯ ಕೆಲಸಕ್ಕೆ ಬಂದ ಅವರ ಬಂಧು ಪಿಯರ್ ಜೆನೆರೆ, 1965ರವರೆಗೂ ಅಲ್ಲೇ ನೆಲೆಸಿದರು. ಸಚಿವಾಲಯ, ಹೈಕೋರ್ಟು, ವಿಶ್ವವಿದ್ಯಾಲಯ, ನೌಕರರ ಮನೆ ಎಲ್ಲಕ್ಕೂ ಸಾವಿರಾರು ಕುರ್ಚಿ ಮೇಜುಗಳು ಬೇಕಾಗಿದ್ದವು. ಸಾಗವಾನಿ ಇಲ್ಲವೆ ಶೀಸಂ ಮರ, ಬೆತ್ತದ ಹೆಣಿಗೆ, ಕೈವಾರ ಬಿಚ್ಚಿಟ್ಟಂಥ ಕಾಲು. ಹೆಸರು ಜೆನೆರೆಯದ್ದಾದರೂ ಊರ್ಮಿಳಾ ಯೂಲಿ ಚೌಧರಿಯಂಥ ಭಾರತೀಯ ವಾಸ್ತುಶಿಲ್ಪಿಗಳ ಕೈಯೂ ಆ ವಿನ್ಯಾಸಗಳಲ್ಲಿದೆ. ಮಾಡಿದವರು ಬೇರೆಬೇರೆ ಕಾರ್ಖಾನೆಗಳ ಬಡಿಗರು. ಅವರ ಹೆಸರು ಹರಾಜಿನ ಪುಸ್ತಕಗಳಲ್ಲಿ ಕಾಣುವುದೇ ಇಲ್ಲ. ಇದು ನನಗೆ ತುಂಬ ನೋವಿನ ಸಂಗತಿ.

ಆ ಕುರ್ಚಿಗಳು ಸವೆದಾಗ ಕಚೇರಿಯವರು ಮಾಳಿಗೆಯ ಮೇಲೆ ರಾಶಿ ಹಾಕಿದರು, ಗುಜರಿ ಲೆಕ್ಕದಲ್ಲಿ ಹರಾಜು ಹಾಕಿದರು. ಫ್ರಾನ್ಸಿನ ವ್ಯಾಪಾರಿಗಳು ಕೊಂಡೊಯ್ದರು. ಪ್ಯಾರಿಸ್, ಲಂಡನ್, ನ್ಯೂಯಾರ್ಕ್‌ಗಳಲ್ಲಿ ಅವು ಲಕ್ಷಗಟ್ಟಲೆ ರೂಪಾಯಿಗೆ ಮಾರಾಟವಾದವು. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಈ ಪಾರಂಪರಿಕ ಪೀಠೋಪಕರಣಗಳ ಮಾರಾಟವನ್ನೂ ರಫ್ತನ್ನೂ ತಡೆಯುವ ಆದೇಶ ಹೊರಡಿಸಿತು. ಆದರೆ 1972ರ ಪ್ರಾಚ್ಯವಸ್ತು ಕಾಯ್ದೆ ಇಂಥ ವಸ್ತುಗಳಿಗೆ ರಕ್ಷಣೆ ಕೊಡಬೇಕಾದರೆ ನೂರು ವರ್ಷ ತುಂಬಿರಬೇಕು. ಈ ಕುರ್ಚಿಗಳಿಗೆ ಆ ವಯಸ್ಸು ಬರಲು ಇನ್ನೂ ದಶಕಗಳೇ ಬೇಕು.

ಬೆಲೆ ಬಂದ ಮೇಲೆ ನಕಲಿ ಬರುವುದು ತಡವಾಗಲಿಲ್ಲ. ಪರೀಕ್ಷೆಗೆ ಕೂತವರು ಮೊದಲು ಮರದ ವಯಸ್ಸು ಕೇಳುತ್ತಾರೆ. ಅಲ್ಲೇ ದಾರಿ ತಪ್ಪುತ್ತದೆ. ಬಿದ್ದ ವಾಡೆಯ ಸಾಗವಾನಿ ತೊಲೆ ನಮ್ಮ ಕಡೆ ಈಗಲೂ ಮಾರಾಟಕ್ಕೆ ಸಿಗುತ್ತದೆ. ನೂರು ವರ್ಷದ ಆ ತೊಲೆಯನ್ನು ಕೊಯ್ದು ಹೋದ ವಾರ ಕುರ್ಚಿ ಮಾಡಿದರೆ ಪ್ರಯೋಗಾಲಯ ಅದನ್ನು ಹಳೆಯ ಮರವೆಂದೇ ಹೇಳುತ್ತದೆ, ಹೇಳುವುದೂ ನಿಜ. ಪರಮಾಣು ಬಾಂಬಿನ ಪರೀಕ್ಷೆಗಳಿಂದ 1950ರ ದಶಕದ ಮಧ್ಯದಿಂದ ಗಾಳಿಯಲ್ಲಿ ಇಂಗಾಲ-14 ಏರಿತು. ಆ ಗುರುತು ಹೆಚ್ಚಾಗಿ ಇರುವ ಮರ ಅದಕ್ಕಿಂತ ಹಿಂದೆ ಬೆಳೆದದ್ದಲ್ಲ ಎಂದು ಗಟ್ಟಿಯಾಗಿ ಹೇಳಬಹುದು. ಗುರುತು ಇಲ್ಲದಿದ್ದರೆ ಮಾತ್ರ ಏನೂ ಹೇಳಿದಂತಾಗುವುದಿಲ್ಲ.

ಹಾಗಾಗಿ ಕೈ ಕೆಲಸವನ್ನೇ ನೋಡಬೇಕು, ಬಡಿಗೇರ ಕಣ್ಣಿನಿಂದ ನೋಡಬೇಕು. ಕುರ್ಚಿಯನ್ನು ಮೊದಲು ತಿರುಗಿಸಿ ಅಡಿಯನ್ನು ನೋಡಿ. ಮುಂಗೈ ಊರುವ ಕಡೆ ಸವೆತ ಬೇಕು, ಯಾರೂ ಮುಟ್ಟದ ಅಡಿಪಟ್ಟಿಯಲ್ಲಿ ಅದೇ ಸವೆತ ಕಂಡರೆ ಅದು ಉಜ್ಜಿ ತಂದದ್ದು. ಸ್ಟಾರ್ ಸ್ಕ್ರೂ ಕಂಡರೆ ಅದು ಈಚಿನ ದುರಸ್ತಿಯೋ ಅಥವಾ ಇಡೀ ಕುರ್ಚಿಯೇ ಈಚಿನದೋ ಎಂದು ಕೇಳಬೇಕು. ಬೆತ್ತ ಹೊಸದಿದ್ದರೆ ಗಾಬರಿ ಬೇಡ. ಕಚೇರಿಯಲ್ಲಿ ದುಡಿದ ಕುರ್ಚಿಯ ಬೆತ್ತ ಬದಲಾಗಲೇಬೇಕು. ಚೌಕಟ್ಟಿನಲ್ಲಿ ಹಳೆಯ ಹೆಣಿಗೆಯ ತೂತುಗಳ ತೇಯ್ದ ಅಂಚು ಉಳಿದಿದೆಯೇ ಎಂದು ನೋಡಿದರೆ ಸಾಕು. ಹತ್ತು ಕುರ್ಚಿಗಳ ಗುಂಪು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಬಂದರೆ ನನಗೆ ಅನುಮಾನ ಹೆಚ್ಚು. ಹಲವು ಕೈಗಳು ಮಾಡಿದ ಕೆಲಸದಲ್ಲಿ ಅಷ್ಟು ಒಂದೇತನ ಇರುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಸಾಕ್ಷಿ ಬೆನ್ನಿನ ಪಟ್ಟಿಯ ಹಿಂದೆ ಬಣ್ಣದಲ್ಲಿ ಬರೆದ ಇಲಾಖೆಯ ಹೆಸರು ಮತ್ತು ಸಂಖ್ಯೆ. ಗುಮಾಸ್ತರು ಲೆಕ್ಕಕ್ಕಾಗಿ ಹಾಕಿದ ಗುರುತು ಅದು. ಕೆಲವು ವ್ಯಾಪಾರಿಗಳು ಹೊಳಪಿಗಾಗಿ ಉಜ್ಜುಕಾಗದ ಹಿಡಿದು ಅದನ್ನು ಅಳಿಸಿಬಿಟ್ಟರು. ಇನ್ನು ಕೆಲವರು ಹೊಸ ಕುರ್ಚಿಯ ಮೇಲೆ ಅದನ್ನೇ ಬರೆಸುತ್ತಾರೆ. ಬರಹ ಇದೆ ಎಂದ ಮಾತ್ರಕ್ಕೆ ನಂಬುವಂತಿಲ್ಲ. ಅದಕ್ಕೆ ಎದುರು ನಿಲ್ಲಿಸಲು ದಾಖಲೆ ಬೇಕು.

ನಕಲು ಮಾಡುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಚಂಡೀಗಢದ ವಿನ್ಯಾಸಗಳನ್ನು ಹೊಸದಾಗಿ ಮಾಡಿ, ಹೊಸದೆಂದೇ ಹೇಳಿ ಮಾರುತ್ತದೆ. ಅದು ನೇರ ವ್ಯವಹಾರ. ಹೊಸದಕ್ಕೆ ಸುಳ್ಳು ವಯಸ್ಸು ಹಚ್ಚುವುದು ಮೋಸ.

ಈಗ ನಮ್ಮ ಕಡೆಗೆ ಬರೋಣ. ಗದಗ, ಶಿರಹಟ್ಟಿ, ಮುಂಡರಗಿ, ಲಕ್ಷ್ಮೇಶ್ವರದ ಕಚೇರಿಗಳಲ್ಲಿ, ಶಾಲೆಗಳಲ್ಲಿ, ಸಹಕಾರಿ ಸಂಘಗಳಲ್ಲಿ ಚಂಡೀಗಢ ಕಟ್ಟಿದ ಕಾಲದ ಬೆತ್ತದ ಕುರ್ಚಿಗಳು ಇನ್ನೂ ಇವೆ. 1905ರಲ್ಲಿ ಕಣಗಿನಹಾಳದಲ್ಲಿ ಸಹಕಾರ ಸಂಘ ಕಟ್ಟಿದ ಜಿಲ್ಲೆ ಇದು, ಲೆಕ್ಕ ಬರೆಯುವುದು ಇಲ್ಲಿ ಹಳೆಯ ಅಭ್ಯಾಸ. ಕುರ್ಚಿಯ ಹುಟ್ಟಿನ ಕಾಗದ ನಮ್ಮಲ್ಲಿ ಡೆಡ್ ಸ್ಟಾಕ್ ರಿಜಿಸ್ಟರ್. ಯಾವ ವರ್ಷ, ಯಾವ ದರಕ್ಕೆ, ಕೆಲವೊಮ್ಮೆ ಯಾವ ಬಡಿಗೇರರಿಂದ ಎಂಬುದು ಅದರಲ್ಲಿರುತ್ತದೆ. ಕುರ್ಚಿಯನ್ನು ಹರಾಜಿಗೆ ಹಾಕುವಾಗ ರಿಜಿಸ್ಟರ್ ರದ್ದಿಗೆ ಹೋಗುತ್ತದೆ, ಮುಂದೆ ಯಾವ ಪರಿಣತನೂ ಆ ಸಾಲನ್ನು ಮರಳಿ ಬರೆಯಲಾರ.

ಆದ್ದರಿಂದ ಈ ಸಂಕಿರಣದ ಮುಂದೆ ಒಂದೇ ಕೆಲಸವನ್ನು ಇಡುತ್ತೇನೆ. ಕಚೇರಿ ವಸ್ತುಗಳನ್ನು ಹರಾಜು ಹಾಕುವ ಮುನ್ನ ತುಂಬಬೇಕಾದ ಒಂದು ಪುಟದ ನಮೂನೆಯನ್ನು ಇಲ್ಲೇ ಕರಡು ಮಾಡೋಣ. ಬೆನ್ನಿನ ಬರಹದ, ಅಡಿಭಾಗದ, ಜೋಡಣೆಗಳ ಫೋಟೋ, ಅಳತೆ, ಮರದ ಜಾತಿ, ರಿಜಿಸ್ಟರಿನ ಆ ಪುಟದ ನಕಲು ಇಷ್ಟು ಅದರಲ್ಲಿರಲಿ. ಕರಡನ್ನು ಬರೆಯುವ ಮೇಜಿಗೆ ಪ್ರಾಧ್ಯಾಪಕರ ಜೊತೆ ಬಡಿಗೇರರೂ ಕೂರಬೇಕೆಂದು ಕೇಳಿಕೊಂಡು, ಮೊದಲ ಗೋಷ್ಠಿಗೆ ವೇದಿಕೆ ಬಿಟ್ಟುಕೊಡುತ್ತೇನೆ.