ಪದವಿ ಮುಗಿಸಿ ಮನೆಗೆ ಬಂದವರು
(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣ)



ಹೆಚ್ಚು ಅಂಕ ಪಡೆದ ಮಕ್ಕಳಿಗೆ ಈಗಷ್ಟೇ ಬಹುಮಾನ ಕೊಟ್ಟೆವು. ಹಿಂದಿನ ವರ್ಷಗಳಲ್ಲಿ ಇದೇ ವೇದಿಕೆಯಲ್ಲಿ ಬಹುಮಾನ ಪಡೆದು, ಪದವಿ ಮುಗಿಸಿ, ಈಗ ಮನೆಗೆ ಮರಳಿರುವವರ ಬಗ್ಗೆ ನಾನು ಎರಡು ಮಾತು ಹೇಳಬೇಕು. ಅವರಲ್ಲಿ ಹಲವರು ಇಂದು ಬಂದಿಲ್ಲ. ಬಂದರೆ ಎದುರಾದವರೆಲ್ಲ ಕೇಳುವುದು ಒಂದೇ: "ಕೆಲಸ ಆಯ್ತಾ?"

ನೆಮ್ಮಾರ್, ಕೆರೆಕಟ್ಟೆ ಕಡೆಯ ಮಕ್ಕಳು ಮಂಗಳೂರು, ಶಿವಮೊಗ್ಗ, ಬೆಂಗಳೂರಿಗೆ ಓದಲು ಹೋಗುತ್ತಾರೆ. ಮೂರು ವರ್ಷ ಹಾಸ್ಟೆಲಿನಲ್ಲಿದ್ದು ತಮ್ಮ ದುಡ್ಡು, ತಮ್ಮ ಸಮಯ ತಾವೇ ನೋಡಿಕೊಂಡವರು ಮನೆಗೆ ಬಂದ ಕೂಡಲೆ ಮತ್ತೆ ಹತ್ತನೇ ತರಗತಿಯ ಹುಡುಗರಾಗುತ್ತಾರೆ. ಪೇಟೆಗೆ ಹೋಗಲು ಬಸ್ಸಿನ ಹಣ ಕೇಳಬೇಕು. ಅರ್ಜಿಯ ಶುಲ್ಕ ಕೇಳಬೇಕು. ಕೇಳಲು ನಾಚಿಕೆಯಾಗಿ ಅರ್ಜಿಯನ್ನೇ ಹಾಕದೆ ಬಿಟ್ಟವರಿದ್ದಾರೆ.

ನಾನೂ ಬಿ.ಕಾಂ. ಮುಗಿಸಿ, ಟ್ರಂಕು ಹೊತ್ತು ಸಹಕಾರ ಸಾರಿಗೆ ಬಸ್ಸಿನಿಂದ ಇಳಿದವನು. (ಕೊಪ್ಪದ ಕಾರ್ಮಿಕರು 1991ರಲ್ಲಿ ತಾವೇ ಕಟ್ಟಿ ನಡೆಸಿದ ಆ ಬಸ್ಸುಗಳು 2020ರಲ್ಲಿ ನಿಂತುಹೋದವು. ಇಂದಿನ ಮಕ್ಕಳಿಗೆ ಅದರ ಬೆಲೆ ಹೇಳಿದರೂ ತಿಳಿಯದು.) ಬಾಪ ಆರು ತಿಂಗಳು ನನ್ನನ್ನು ಏನೂ ಕೇಳಲಿಲ್ಲ. ಅವರಿಗೆ ಸಿಟ್ಟು ಬಂದಿದೆಯೆಂದು ತಿಳಿದು ನಾನು ಅವರ ಜೊತೆ ಊಟಕ್ಕೆ ಕೂರುವುದನ್ನೇ ಬಿಟ್ಟೆ. ಕೇಳಿದರೆ ಮಗನ ಮನಸ್ಸು ನೋಯುತ್ತದೆಂದು ಅವರು ಸುಮ್ಮನಿದ್ದರಂತೆ. ಇದನ್ನು ಉಮ್ಮ ನನಗೆ ಹೇಳಿದ್ದು ಎಷ್ಟೋ ವರ್ಷದ ಮೇಲೆ.

ತಂದೆತಾಯಿಗೆ "ಉಫ್" ಎನ್ನುವಷ್ಟು ಬೇಸರವನ್ನೂ ತೋರಿಸಬಾರದೆಂದು ಕುರ್‌ಆನ್ ಕಲಿಸಿದ್ದು ನಿಮಗೆಲ್ಲ ಗೊತ್ತು. ಆದರೆ ಮಾತೇ ಆಡದಿರುವುದೂ ಬೇಸರವೇ ಅಲ್ಲವೆ? ಮನೆಯ ಕಷ್ಟವನ್ನೂ ನೀವು ತಿಳಿಯಬೇಕು. ನಮ್ಮ ಕಡೆಯ ಅಡಿಕೆ ತೋಟಗಳು ಹಳದಿ ಎಲೆ ರೋಗದಿಂದ ಸೊರಗಿವೆ. ಮಗನ ಸಂಬಳವನ್ನು ನಂಬಿ ಸಾಲ ಮಾಡಿದ ಮನೆಗಳಿವೆ. ತಂದೆಯ ಗೊಣಗಾಟದ ಹಿಂದೆ ಆ ಸಾಲದ ಕಂತು ಇರುತ್ತದೆ. ಲೆಕ್ಕ ತೋರಿಸಿ ಎಂದು ನೀವೇ ಕೇಳಿ. ಮಳೆಗೆ ಮುಂಚೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಮಾಡುವಾಗ ಕೈ ಜೋಡಿಸಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಹಾಕಬೇಕು. ಹದ ನೋಡಲು ನಿಮ್ಮ ರಸಾಯನಶಾಸ್ತ್ರ ಅಲ್ಲಿ ಉಪಯೋಗಕ್ಕೆ ಬರುತ್ತದೆ.

ಹಿರಿಯರಲ್ಲಿಯೂ ಒಂದು ವಿನಂತಿ. ಪದವಿಯ ಮರುದಿನವೇ ಕೆಲಸ ಸಿಗುವುದಿಲ್ಲ ಎಂಬುದನ್ನು ಸರಕಾರವೇ ಒಪ್ಪಿದೆ. 2024ರ ಜನವರಿಯಲ್ಲಿ ಶಿವಮೊಗ್ಗದಲ್ಲಿ ಚಾಲನೆಗೊಂಡ ಯುವನಿಧಿ ಯೋಜನೆಯಲ್ಲಿ, ತೇರ್ಗಡೆಯಾಗಿ ಆರು ತಿಂಗಳಾದರೂ ಕೆಲಸ ಸಿಗದ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ, ಡಿಪ್ಲೊಮಾ ಮಾಡಿದವರಿಗೆ 1500 ರೂಪಾಯಿಯನ್ನು ಹೆಚ್ಚೆಂದರೆ ಎರಡು ವರ್ಷ ಕೊಡುವ ನಿಯಮವಿದೆ. ಅರ್ಜಿ ಹಾಕಲು ಸಂಕೋಚ ಬೇಡ. ಅರ್ಜಿ ಶುಲ್ಕಕ್ಕೂ ಬಸ್ಸಿಗೂ ಯಾರ ಮುಂದೆಯೂ ಕೈಯೊಡ್ಡಬೇಕಾಗಿಲ್ಲ.

ಹೆಣ್ಣುಮಕ್ಕಳ ವಿಷಯವನ್ನು ನಾವು ಸಭೆಗಳಲ್ಲಿ ಹಾರಿಸಿಬಿಡುತ್ತೇವೆ. ಮಗ ಮರಳಿ ಬಂದರೆ ಕೆಲಸದ ಮಾತು, ಮಗಳು ಬಂದರೆ ಸಂಬಂಧದ ಮಾತು. ಬಿ.ಎಸ್ಸಿ. ಪ್ರಮಾಣಪತ್ರ ಕಪಾಟು ಸೇರುತ್ತದೆ, ಅವಳು ಅಡಿಗೆಮನೆ ಸೇರುತ್ತಾಳೆ. ಮದುವೆ ಬೇಡವೆಂದು ನಾನು ಹೇಳುತ್ತಿಲ್ಲ. ಬಿ.ಎಡ್. ಮಾಡುತ್ತೇನೆ, ಒಂದು ವರ್ಷ ಪರೀಕ್ಷೆಗೆ ಓದುತ್ತೇನೆ ಎಂದು ಅವಳು ಹೇಳಿದರೆ ಕೂತು ಕೇಳಿ. ಆ ಒಂದು ವರ್ಷ ಅವಳಿಗೆ ಮನೆಗೆಲಸದಿಂದ ದಿನಕ್ಕೆ ನಾಲ್ಕು ಗಂಟೆ ಬಿಡುವು ಕೊಡಿ. ಅಣ್ಣತಮ್ಮಂದಿರು ತಮ್ಮ ತಟ್ಟೆ ತಾವೇ ತೊಳೆದರೆ ಅರ್ಧ ಗಂಟೆ ಅಲ್ಲಿಯೇ ಸಿಕ್ಕಿತು!

ಇಂದು ಸಭೆಗೆ ಬಾರದವರ ಮನೆಗಳಿಗೆ ಬರುವ ಶುಕ್ರವಾರ ಜುಮಾ ನಮಾಜಿನ ನಂತರ ನಾವು ಕೆಲವರು ಹೋಗಿಬರುವವರಿದ್ದೇವೆ. ನಮ್ಮ ಜೊತೆ ಬರುವವರು ಹೆಸರು ಕೊಡಿ. ಅಲ್ಲಿ ಮಾತ್ರ "ಕೆಲಸ ಆಯ್ತಾ?" ಎಂದು ಯಾರೂ ಕೇಳಕೂಡದು.