ಬಿಯರ್ ಕೆಗ್ ಲೀಕ್: ಮೂಗಿಗೆ ಸಿಗಲ್ಲ, ಸೋಪು ನೀರಿಗೆ ಸಿಗುತ್ತೆ

ಅಮೆರಿಕದಲ್ಲಿ ಮನೆಬಳಕೆಗೆ ಬಿಯರ್ ಮಾಡಿಕೊಳ್ಳೋಕೆ ದಾರಿ ತೆರೆದದ್ದು 1978ರ ಫೆಡರಲ್ ಕಾನೂನು. ಅಲ್ಲಿದ್ದು ಈ ಹವ್ಯಾಸ ಹಚ್ಚಿಕೊಂಡಿರೋ ಗೆಳೆಯರಿಗೆ ಇವತ್ತಿನ ಮಾತು.

ಬಾಟಲಿ ತೊಳೆದೂ ತೊಳೆದೂ ಸಾಕಾಗಿ 19 ಲೀಟರಿನ ಸ್ಟೀಲ್ ಕೆಗ್ ತರ್ತೀರಿ. ಕಾರ್ಬನ್ ಡೈಆಕ್ಸೈಡ್ ಸಿಲಿಂಡರ್ ಜೋಡಿಸಿ ಮಲಗ್ತೀರಿ. ಬೆಳಗ್ಗೆ ಸಿಲಿಂಡರ್ ಖಾಲಿ! ಅಡುಗೆ ಗ್ಯಾಸಿಗಾದ್ರೆ ಬೇಕಂತಲೇ ವಾಸನೆ ಸೇರಿಸಿರ್ತಾರೆ. ಇದಕ್ಕೆ ವಾಸನೆಯೇ ಇಲ್ಲ.

ಹುಡುಕೋದು ಹೇಗೆ? ಪಂಕ್ಚರ್ ಅಂಗಡಿಯವರು ಟ್ಯೂಬನ್ನ ನೀರಲ್ಲಿ ಅದ್ದಿ ಗುಳ್ಳೆ ನೋಡ್ತಾರಲ್ಲ, ಹಾಗೇ. ಮುಚ್ಚಳದ ಸುತ್ತ, ಗ್ಯಾಸ್ ಪೈಪ್ ಕೂರೋ ಜಾಗ, ಪ್ರೆಶರ್ ರಿಲೀಫ್ ವಾಲ್ವ್, ರೆಗ್ಯುಲೇಟರ್ ಬುಡ, ಎಲ್ಲ ಕಡೆ ಸೋಪು ನೀರು ಹಚ್ಚಿ. ಗುಳ್ಳೆ ಎದ್ದಲ್ಲೇ ಲೀಕ್.

ಮುಚ್ಚಳದಲ್ಲಿ ಗುಳ್ಳೆ ಬಂದ್ರೆ ಮೊದಲು ಪ್ರೆಶರ್ ಪೂರ್ತಿ ಬಿಡಿ. ಆಮೇಲೆ ರಬ್ಬರ್ ಓ-ರಿಂಗ್ ತೆಗೆದು ನೋಡಿ. ಬಿರುಕಿದ್ರೆ ಬದಲಿಸಿ. ಫುಡ್-ಗ್ರೇಡ್ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ ಬೇಡ, ರಬ್ಬರ್ ಹಾಳಾಗುತ್ತೆ. ಮುಚ್ಚಳ ಹಾಕಿ ಸ್ವಲ್ಪ ಹೊತ್ತು 30 ಪಿಎಸ್‌ಐ ಕೊಟ್ರೆ ಬಿಗಿಯಾಗಿ ಕೂರುತ್ತೆ.

ಗೇಜಿನ ಮುಳ್ಳು ಇಳಿದ ಮಾತ್ರಕ್ಕೆ ಲೀಕ್ ಅನ್ಬೇಡಿ. ಹೊಸ ಬಿಯರ್ ಗ್ಯಾಸ್ ಹೀರಿಕೊಳ್ಳುತ್ತೆ. ಅದಕ್ಕೇ ಬಿಯರ್ ತುಂಬೋ ಮೊದಲೇ ಖಾಲಿ ಕೆಗ್‌ಗೆ ಪ್ರೆಶರ್ ಕೊಟ್ಟು, ಸಿಲಿಂಡರ್ ವಾಲ್ವ್ ಮುಚ್ಚಿ, ಒಂದು ರಾತ್ರಿ ಬಿಟ್ಟು ನೋಡಿ.

ಕೊನೇ ಮಾತು, ದುಡ್ಡಿಗಿಂತ ದೊಡ್ಡದು. ಈ ಗ್ಯಾಸ್ ಗಾಳಿಗಿಂತ ಭಾರ. ಕಿಟಕಿ ಇಲ್ಲದ ಬೇಸ್‌ಮೆಂಟಲ್ಲಿ ತುಂಬಿಕೊಂಡ್ರೆ ಜೀವಕ್ಕೇ ಅಪಾಯ. ತಲೆ ಸುತ್ತಿದ್ರೆ, ಉಸಿರು ಕಟ್ಟಿದಂತಾದ್ರೆ ರಿಪೇರಿ ಬಿಟ್ಟು ತಕ್ಷಣ ಹೊರಗೆ ಬನ್ನಿ. ಬಿಯರ್ ಇನ್ನೊಂದ್ಸಲ ಮಾಡಬಹುದು.