ಎಡಗಾಲಿಗೆ ಕೆಲಸ ಬೇಕಾ?

ಇವತ್ತು ರಾಜಕೀಯ ಬೇಡ. ರೆಸಾರ್ಟ್ ಇಲ್ಲ, ರಾಜೀನಾಮೆ ಇಲ್ಲ. ಇವತ್ತು ಒಂದು ಪತ್ರದ ಬಗ್ಗೆ ಮಾತಾಡೋಣ.

ಬರೆದವರು ಬೆಂಗಳೂರಿನ ವೀಕ್ಷಕರೊಬ್ಬರು. ಹೆಸರು ಹೇಳಲ್ಲ. ವಯಸ್ಸು 54. ಮಗಳ ಮದುವೆ ಆಯ್ತು, ಮನೆ ಸಾಲ ತೀರಿತು. ಕಾಲೇಜಿನ ದಿನಗಳಲ್ಲಿ ಹಾಸ್ಟೆಲ್ ಗೋಡೆಗೆ ಅಂಟಿಸಿಕೊಂಡಿದ್ದ ಪೋಸ್ಟರಿನ ಆಸೆ ಮಾತ್ರ ಬಾಕಿ ಉಳಿದಿದೆ. ಸ್ಪೋರ್ಟ್ಸ್ ಕಾರು. ಎರಡು ಸೆಕೆಂಡ್ ಹ್ಯಾಂಡ್ ಕಾರು ನೋಡಿಟ್ಟಿದ್ದಾರೆ. ಒಂದೇ ಮಾಡೆಲ್, ಒಂದೇ ಇಂಜಿನ್, ಹೆಚ್ಚೂಕಡಿಮೆ ಒಂದೇ ರೇಟು. ಒಂದರಲ್ಲಿ ಕ್ಲಚ್ ಇದೆ, ಕೈಯಲ್ಲಿ ಹಾಕೋ ಗೇರ್ ಇದೆ. ಇನ್ನೊಂದರಲ್ಲಿ ಕ್ಲಚ್ ಪೆಡಲ್ಲೇ ಇಲ್ಲ, ಸ್ಟೀರಿಂಗ್ ಹಿಂದೆ ಕಿವಿಯ ಹಾಗೆ ಎರಡು ಪ್ಯಾಡಲ್. ಬಲಗಡೆಯದು ಎಳೆದರೆ ಗೇರ್ ಮೇಲಕ್ಕೆ, ಎಡಗಡೆಯದು ಎಳೆದರೆ ಕೆಳಕ್ಕೆ. ಯಾವುದು ತಗೊಳ್ಳಲಿ ಅಂತ ಪ್ರಶ್ನೆ. ಕೊನೆಯಲ್ಲಿ ಎರಡು ಸಾಲು ಸೇರಿಸಿದ್ದಾರೆ. ಎಡ ಮೊಣಕಾಲು ಆಗಾಗ ನೋಯುತ್ತೆ. ಮತ್ತೆ ಮಗನಿಗೆ ಆಟೊಮ್ಯಾಟಿಕ್ ಬಿಟ್ಟು ಬೇರೇನೂ ಓಡಿಸೋಕೆ ಬರಲ್ಲ. "ಗೇರ್ ಕಾರು ತಂದ್ರೆ ನೀವೇ ಓಡಿಸ್ಕೊಳಿ ಅಪ್ಪಾ" ಅಂದಿದ್ದಾನಂತೆ.

ನಾನು ಓದಿದ್ದು ಇಂಜಿನಿಯರಿಂಗ್. ನಮ್ಮ ಲ್ಯಾಬ್‌ನಲ್ಲಿ ಗೇರ್ ಬಾಕ್ಸ್ ಒಂದನ್ನು ಅರ್ಧಕ್ಕೆ ಕತ್ತರಿಸಿ, ಹಲ್ಲುಗಳಿಗೆ ಬಣ್ಣ ಬಳಿದು ಇಟ್ಟಿದ್ದರು. ಅದನ್ನ ಕೈಯಲ್ಲಿ ತಿರುಗಿಸಿ ನೋಡಿದವನಾಗಿ ಮೊದಲು ಲೆಕ್ಕದ ಉತ್ತರ ಹೇಳಿಬಿಡ್ತೀನಿ. ವೇಗವೇ ಮುಖ್ಯ ಅಂದ್ರೆ ಪ್ಯಾಡಲ್ ತಗೊಳ್ಳಿ ಸರ್. ಆ ಜಗಳ ಮುಗಿದು ಬಹಳ ಕಾಲ ಆಯ್ತು.

ಎಲ್ಲಿ ಮುಗೀತು? 1989ರ ಮಾರ್ಚ್, ಬ್ರೆಜಿಲ್‌ನ ರಿಯೋ. ಜಾನ್ ಬರ್ನಾರ್ಡ್ ಅನ್ನೋ ವಿನ್ಯಾಸಕಾರ ಫೆರಾರಿಯ ಫಾರ್ಮುಲಾ ಒನ್ ಕಾರಿನಿಂದ ಗೇರ್ ಲಿವರ್ ಕಿತ್ತುಹಾಕಿ ಸ್ಟೀರಿಂಗ್ ಹಿಂದೆ ಪ್ಯಾಡಲ್ ಕೂರಿಸಿದ್ದ. ಪರೀಕ್ಷೆಯಲ್ಲಿ ಆ ಕಾರು ಕೆಟ್ಟು ನಿಂತಿದ್ದೇ ನಿಂತಿದ್ದು. ಓಡಿಸಬೇಕಿದ್ದ ನೈಜೆಲ್ ಮ್ಯಾನ್ಸೆಲ್‌ಗೂ ನಂಬಿಕೆ ಇರಲಿಲ್ಲ. ರೇಸ್ ಹೇಗೂ ಅರ್ಧಕ್ಕೇ ಮುಗಿಯುತ್ತೆ ಅಂತ ಊರಿಗೆ ಹೋಗೋ ವಿಮಾನದ ಟಿಕೆಟ್ ಬೇಗನೇ ಬುಕ್ ಮಾಡಿಕೊಂಡಿದ್ದ. ವಿಮಾನ ಹೋಯ್ತು. ರೇಸ್ ಗೆದ್ದ! 1990ರ ದಶಕದ ನಡುವಿನ ಹೊತ್ತಿಗೆ ಫಾರ್ಮುಲಾ ಒನ್‌ನಲ್ಲಿ ಕೈ ಗೇರ್ ಅನ್ನೋದೇ ಉಳಿಯಲಿಲ್ಲ.

ರಸ್ತೆ ಮೇಲೆ ಓಡೋ ಕಾರಿಗೆ ಇದನ್ನ ಫೆರಾರಿ ತಂದಿದ್ದು 1997ರಲ್ಲಿ, ಎಫ್355ರಲ್ಲಿ. ಇಲ್ಲೊಂದು ತಮಾಷೆ ಇದೆ, ಕೇಳಿ. ಆ ಕಾರಿನಲ್ಲಿದ್ದದ್ದು ಮಾಮೂಲಿ ಮ್ಯಾನ್ಯುವಲ್ ಗೇರ್ ಬಾಕ್ಸೇ. ಕ್ಲಚ್ ಒತ್ತೋ ಕೆಲಸ, ಗೇರ್ ಬದಲಿಸೋ ಕೆಲಸ ಎರಡನ್ನೂ ಹೈಡ್ರಾಲಿಕ್ ವ್ಯವಸ್ಥೆ ಮಾಡ್ತಿತ್ತು, ಅಷ್ಟೇ. ಮ್ಯಾಗ್ನೆಟಿ ಮರೆಲ್ಲಿ ಅನ್ನೋ ಇಟಲಿ ಕಂಪನಿಯ ತಂತ್ರಜ್ಞಾನ. 2014ರಲ್ಲಿ ಮಾರುತಿ ಸೆಲೆರಿಯೋದಲ್ಲಿ ಎಎಂಟಿ ಅಂತ ಬಂತಲ್ಲ, ಅದೂ ಇದೇ ಕಂಪನಿಯದು. ನಿಮ್ಮ ಓಲಾ ಡ್ರೈವರ್ ಕಾರು ಗೇರ್ ಬದಲಿಸುವಾಗ ಒಮ್ಮೆ ತಲೆ ಅಲ್ಲಾಡಿಸುತ್ತಲ್ಲ, ಆವತ್ತಿನ ಫೆರಾರಿಯೂ ನಿಧಾನಕ್ಕೆ ಹೋಗುವಾಗ ಹಾಗೇ ತಲೆ ಅಲ್ಲಾಡಿಸುತ್ತಿತ್ತು.

ಆ ಕುಲುಕಾಟ ನಿಲ್ಲಿಸಿದ್ದು ಡ್ಯುಯಲ್ ಕ್ಲಚ್. ಒಂದರ ಬದಲು ಎರಡು ಕ್ಲಚ್. ಒಂದರ ಕೈಗೆ 1, 3, 5ನೇ ಗೇರ್. ಇನ್ನೊಂದರ ಕೈಗೆ 2, 4, 6. ನೀವು ಮೂರರಲ್ಲಿ ಹೋಗ್ತಾ ಇರುವಾಗಲೇ ನಾಲ್ಕು ರೆಡಿಯಾಗಿ ಕೂತಿರುತ್ತೆ. ಪ್ಯಾಡಲ್ ಎಳೆದ ತಕ್ಷಣ ಒಂದು ಕ್ಲಚ್ ಬಿಡುತ್ತೆ, ಇನ್ನೊಂದು ಹಿಡಿಯುತ್ತೆ. ಚಕ್ರಕ್ಕೆ ಹೋಗೋ ಶಕ್ತಿ ನಡುವೆ ತುಂಡಾಗೋದೇ ಇಲ್ಲ. ಮನುಷ್ಯನ ಕೈಕಾಲು ಎಷ್ಟೇ ಚುರುಕಾಗಿದ್ರೂ ಇದರ ಮುಂದೆ ನಿಲ್ಲಲ್ಲ.

2021ರ ಪೋರ್ಷೆ 911 ಜಿಟಿ3 ತಗೊಳ್ಳಿ. ಕಂಪನಿಯೇ ಕೊಟ್ಟ ಅಂಕಿ ಇದು. 0ಯಿಂದ 100 ಕಿಲೋಮೀಟರ್ ವೇಗಕ್ಕೆ ಪ್ಯಾಡಲ್ ಕಾರಿಗೆ 3.4 ಸೆಕೆಂಡ್. ಮ್ಯಾನ್ಯುವಲ್‌ಗೆ 3.9. ಅರ್ಧ ಸೆಕೆಂಡ್ ವ್ಯತ್ಯಾಸ. ಗರಿಷ್ಠ ವೇಗದಲ್ಲಿ ಮಾತ್ರ ಮ್ಯಾನ್ಯುವಲ್ 2 ಕಿಲೋಮೀಟರ್ ಮುಂದೆ, 318ಕ್ಕೆ 320. ಆ 320ನ್ನ ನೀವು ಯಾವ ರಸ್ತೇಲಿ ನೋಡ್ತೀರಿ ಅಂತ ನಾನು ಕೇಳಲ್ಲ. ನೀವೂ ಹೇಳಬೇಡಿ, ಟ್ರಾಫಿಕ್ ಪೊಲೀಸರೂ ಟಿವಿ ನೋಡ್ತಾರೆ.

ಹಾಗಾದ್ರೆ ವಿಷಯ ಮುಗೀತಲ್ಲ? ಮುಗೀತು ಅಂತಲೇ ಪೋರ್ಷೆ ಅಂದುಕೊಂಡಿತ್ತು. 2013ರಲ್ಲಿ ಹೊಸ ಜಿಟಿ3 ಬಂದಾಗ ಅದರಲ್ಲಿ ಮ್ಯಾನ್ಯುವಲ್ಲೇ ಇರಲಿಲ್ಲ. ರೇಸ್ ಟ್ರ್ಯಾಕ್‌ಗೆ ಹುಟ್ಟಿದ ಕಾರು, ಸಮಯವೇ ಮುಖ್ಯ, ಕ್ಲಚ್ ಯಾಕೆ? ತರ್ಕ ಸರಿಯಾಗಿಯೇ ಇತ್ತು. ಆದರೆ ಕೊಳ್ಳೋ ಜನ ಕೇಳಲಿಲ್ಲ. 2016ರಲ್ಲಿ ಮ್ಯಾನ್ಯುವಲ್ ಮಾತ್ರ ಇರೋ 911 ಆರ್ ಅನ್ನೋ ಕಾರನ್ನು ಬಿಟ್ಟರು, ಬರೀ 991. ಅವು ಮೂಲ ಬೆಲೆಯ ಎಷ್ಟೋ ಪಟ್ಟಿಗೆ ಕೈ ಬದಲಾದವು. ಮರುವರ್ಷವೇ ಜಿಟಿ3ಗೂ ಮ್ಯಾನ್ಯುವಲ್ ವಾಪಸ್ ಬಂತು, ಹೆಚ್ಚಿಗೆ ದುಡ್ಡೂ ಕೇಳದೆ. ಟೊಯೋಟಾದ್ದೂ ಇದೇ ಕಥೆ. 2019ರಲ್ಲಿ ಹೊಸ ಸುಪ್ರಾ ಬಂದಿದ್ದು ಆಟೊಮ್ಯಾಟಿಕ್‌ನಲ್ಲಿ ಮಾತ್ರ. 2022ರಲ್ಲಿ ಕ್ಲಚ್ ಬಂತು.

ಅರ್ಧ ಸೆಕೆಂಡ್ ಸೋಲೋಕೆ ಜನ ಯಾಕೆ ಹಟ ಹಿಡೀತಾರೆ? ಇಲ್ಲಿ ಮ್ಯಾನ್ಯುವಲ್ ಭಕ್ತರು ಒಂದು ಕಥೆ ಹೇಳ್ತಾರೆ. 1991, ಬ್ರೆಜಿಲ್‌ನದೇ ಇಂಟರ್‌ಲಾಗೋಸ್. ಐರ್ಟನ್ ಸೆನ್ನಾ ತವರಿನಲ್ಲಿ ಅದುವರೆಗೆ ಗೆದ್ದೇ ಇರಲಿಲ್ಲ. ಅವನ ಮೆಕ್‌ಲಾರೆನ್‌ಗೆ ಕೈ ಗೇರ್. ಹಿಂದೆ ಅಟ್ಟಿಸಿಕೊಂಡು ಬರ್ತಿದ್ದ ಮ್ಯಾನ್ಸೆಲ್‌ನ ವಿಲಿಯಮ್ಸ್‌ಗೆ ಪ್ಯಾಡಲ್. ವಿಲಿಯಮ್ಸ್‌ನ ಗೇರ್ ಬಾಕ್ಸ್ ಕೈಕೊಟ್ಟು ಅವನು ಹೊರಗೆ. ಸೆನ್ನಾನ ಗೇರುಗಳೂ ಒಂದೊಂದಾಗಿ ಹೋಗಿ ಕೊನೆಗೆ ಉಳಿದಿದ್ದು ಆರನೇದು ಮಾತ್ರ. ಮಳೆ ಬೇರೆ. ಆರನೇ ಗೇರ್‌ನಲ್ಲೇ ತಿರುವುಗಳನ್ನೆಲ್ಲ ದಾಟಿಸಿ ಗೆದ್ದ. ಕಾರಿಂದ ಇಳಿಯೋಕೆ ಆಗಲಿಲ್ಲ, ಟ್ರೋಫಿ ಎತ್ತಿದ್ದೂ ಬಹಳ ಕಷ್ಟಪಟ್ಟು. ರೋಮಾಂಚನ ಆಗುತ್ತೆ, ನಿಜ. ಆದರೆ ಆವತ್ತು ಎರಡೂ ಬಗೆಯ ಗೇರ್ ಬಾಕ್ಸ್ ಕೆಟ್ಟಿದ್ದವು, ಗೆದ್ದಿದ್ದು ಸೆನ್ನಾ. ಮತ್ತೆ 1992ರಲ್ಲಿ ಅದೇ ಮೆಕ್‌ಲಾರೆನ್ ಕೂಡ ಪ್ಯಾಡಲ್‌ಗೆ ಬಂತು. ಈ ಭಾಗವನ್ನ ಭಕ್ತರು ಹೇಳಲ್ಲ!

ನನಗೆ ಅನಿಸೋ ಕಾರಣ ಬೇರೆ. ಮ್ಯಾನ್ಯುವಲ್‌ನಲ್ಲಿ ತಪ್ಪು ಮಾಡೋಕೆ ಅವಕಾಶ ಇದೆ. ತಿರುವಿಗೆ ಮುಂಚೆ ಬ್ರೇಕ್ ಒತ್ತಬೇಕು, ಅದೇ ಪಾದದ ಅಂಚಿನಿಂದ ಆಕ್ಸಿಲರೇಟರ್ ಒಂದು ಸಲ ತಟ್ಟಬೇಕು, ಎಡಗಾಲಲ್ಲಿ ಕ್ಲಚ್, ಎಡಗೈಯಲ್ಲಿ ಗೇರ್, ಬಲಗೈಯಲ್ಲಿ ಸ್ಟೀರಿಂಗ್. ಇಂಜಿನ್ ವೇಗಕ್ಕೂ ಗೇರ್ ವೇಗಕ್ಕೂ ಹೊಂದಿದರೆ ಕಾರು ಬೆಣ್ಣೆ ಹಾಗೆ ಜಾರುತ್ತೆ. ಹೊಂದದಿದ್ರೆ ಜಗ್ಗುತ್ತೆ, ಪಕ್ಕದಲ್ಲಿ ಕೂತವರಿಗೂ ಗೊತ್ತಾಗುತ್ತೆ. ಹತ್ತು ಸಲ ತಪ್ಪಿ ಹನ್ನೊಂದನೇ ಸಲ ಸರಿಯಾಗುತ್ತಲ್ಲ, ಆ ಖುಷಿಗೆ ಜನ ದುಡ್ಡು ಕೊಡ್ತಾರೆ. ಪ್ಯಾಡಲ್ ಕಾರಿನಲ್ಲಿ ಇದನ್ನೆಲ್ಲ ಕಂಪ್ಯೂಟರ್ ಮಾಡುತ್ತೆ, ಪ್ರತಿ ಸಲವೂ ಸರಿಯಾಗಿ ಮಾಡುತ್ತೆ.

ಆ ತಪ್ಪಿನ ಬಿಲ್ಲೂ ಕೇಳಿ. ಜೋರಾಗಿ ಹೋಗ್ತಾ ಮೂರರಿಂದ ನಾಲ್ಕಕ್ಕೆ ಹಾಕೋ ಬದಲು ಕೈತಪ್ಪಿ ಎರಡಕ್ಕೆ ಹಾಕಿ ಕ್ಲಚ್ ಬಿಟ್ರಿ ಅಂದ್ಕೊಳ್ಳಿ. ಚಕ್ರಗಳೇ ಇಂಜಿನ್ನನ್ನ ಮಿತಿ ಮೀರಿ ತಿರುಗಿಸಿಬಿಡ್ತವೆ. ವಾಲ್ವ್ ಬಾಗುತ್ತೆ, ಇಂಜಿನ್ ಬಿಚ್ಚಬೇಕಾಗುತ್ತೆ. ಪ್ಯಾಡಲ್ ಕಾರಿನಲ್ಲಿ ನೀವು ಎಷ್ಟೇ ಎಳೆದ್ರೂ ಕಂಪ್ಯೂಟರ್ ಆ ಗೇರ್ ಕೊಡೋದೇ ಇಲ್ಲ. ಸೆಕೆಂಡ್ ಹ್ಯಾಂಡ್ ಮ್ಯಾನ್ಯುವಲ್ ತಗೊಳ್ಳೋರು ಇಂಜಿನ್ ಎಷ್ಟು ಸಲ ಮಿತಿ ಮೀರಿದೆ ಅನ್ನೋ ದಾಖಲೆ ಕಾರಿನ ಕಂಪ್ಯೂಟರ್‌ನಲ್ಲಿ ಇದೆಯಾ ಅಂತ ಕೇಳಿ ತೆಗೆಸಿ ನೋಡಲೇಬೇಕು. ದಯವಿಟ್ಟು ಮರೀಬೇಡಿ.

ಪ್ಯಾಡಲ್ ತಗೊಂಡ್ರೆ ಕೇಳಬೇಕಾದ್ದು ಬೇರೆ. ಕ್ಲಚ್ ಒಣದ್ದೋ, ಎಣ್ಣೆಯಲ್ಲಿ ಮುಳುಗಿರೋದೋ? ಒಣ ಕ್ಲಚ್ ತೆವಳೋ ಟ್ರಾಫಿಕ್‌ನಲ್ಲಿ ಬಿಸಿಯಾಗುತ್ತೆ. ಎಣ್ಣೆಯದು ತಡ್ಕೊಳ್ಳುತ್ತೆ, ಆದರೆ ಎಣ್ಣೆ, ಫಿಲ್ಟರ್ ಹೊತ್ತಿಗೆ ಸರಿಯಾಗಿ ಬದಲಾಗಿರಬೇಕು. ಸರ್ವಿಸ್ ಪುಸ್ತಕದಲ್ಲಿ ಅದು ಇಲ್ಲದಿದ್ರೆ ಎದ್ದು ಬನ್ನಿ.

ಇನ್ನು ಮಗನ ವಿಷಯ. ಬ್ರಿಟನ್‌ನಲ್ಲಿ ಆಟೊಮ್ಯಾಟಿಕ್ ಕಾರಿನಲ್ಲಿ ಟೆಸ್ಟ್ ಪಾಸಾದವರು ಮ್ಯಾನ್ಯುವಲ್ ಓಡಿಸೋ ಹಾಗಿಲ್ಲ, ಕಾನೂನೇ ಬಿಡಲ್ಲ. ನಮ್ಮಲ್ಲಿ ಆ ಅಡ್ಡಿ ಇಲ್ಲ. ಅವನಿಗೆ ಬೇಕಾಗಿರೋದು ನಾಲ್ಕು ಭಾನುವಾರ, ಒಂದು ಖಾಲಿ ಮೈದಾನ, ಪಕ್ಕದಲ್ಲಿ ಕೂತು ಬೈಯದೇ ಇರೋ ಅಪ್ಪ. ಈಗ ಕಲಿಯದಿದ್ರೆ ಮುಂದೆ ಕಲಿಯೋಕೆ ಕಾರೇ ಸಿಗದೆ ಹೋಗಬಹುದು. ಹುಂಡೈನ ಅಯಾನಿಕ್ 5 ಎನ್ ಅನ್ನೋ ಎಲೆಕ್ಟ್ರಿಕ್ ಕಾರಿನಲ್ಲಿ ಪ್ಯಾಡಲ್ ಇದೆ. ಎಳೆದರೆ ಗೇರ್ ಬದಲಾದ ಹಾಗೆ ಜಗ್ಗುತ್ತೆ, ಸದ್ದೂ ಮಾಡುತ್ತೆ. ಒಳಗೆ ಬದಲಾಗೋ ಗೇರೇ ಇಲ್ಲ ಸ್ವಾಮಿ! ಎಲ್ಲ ಸಾಫ್ಟ್‌ವೇರ್ ನಾಟಕ.

ನನ್ನ ಉತ್ತರ ಇಷ್ಟು. ಈ ಕಾರೇ ದಿನಾ ಆಫೀಸಿಗೂ ಅಂದ್ರೆ ಪ್ಯಾಡಲ್, ಎರಡು ಮಾತಿಲ್ಲ. ಮನೇಲಿ ಬೇರೆ ಕಾರಿದೆ, ಇದು ಭಾನುವಾರ ಬೆಳಿಗ್ಗೆ ಸಕಲೇಶಪುರದ ಕಡೆಗೆ ಮಾತ್ರ ಅಂದ್ರೆ ಮ್ಯಾನ್ಯುವಲ್. ಆದರೆ ಮೊಣಕಾಲಿನ ತೀರ್ಪು ನಾನು ಕೊಡೋಕಾಗಲ್ಲ. ಸ್ಪೋರ್ಟ್ಸ್ ಕಾರಿನ ಕ್ಲಚ್ ಸಾಮಾನ್ಯವಾಗಿ ಬಿಗಿ. ಹಾಗಾಗಿ ಟೆಸ್ಟ್ ಡ್ರೈವ್ ಕೇಳುವಾಗ ಶೋರೂಮಿನವರು ಹೇಳೋ ಭಾನುವಾರ ಬೆಳಿಗ್ಗೆ ಆರು ಗಂಟೆಗೆ ಒಪ್ಕೋಬೇಡಿ. ಶುಕ್ರವಾರ ಸಂಜೆ ಆರೂವರೆಗೆ ಹೋಗಿ, ಸಿಲ್ಕ್ ಬೋರ್ಡ್ ಕಡೆಯಿಂದ ಒಂದು ಸುತ್ತು ಬನ್ನಿ. ಇಳಿದ ಮೇಲೆ ಮೊಣಕಾಲನ್ನೇ ಕೇಳಿ. ಮಗನನ್ನೂ ಜೊತೆಗೆ ಕರ್ಕೊಂಡು ಹೋಗಿ. ಏನು ತಗೊಂಡ್ರಿ ಅಂತ ಇನ್ನೊಂದು ಪತ್ರ ಬರೀರಿ.